ಮನೆಮಂದಿಯೆಲ್ಲ ಒಂದು ದಿನ ಕಾಡಿಗೆ: ಎಷ್ಟು ದೂರ ನಡೆಯಬಹುದು, ಯಾವಾಗ ವಾಪಸ್ ತಿರುಗಬೇಕು?

ಎರಡು ಮಕ್ಕಳ ಅಪ್ಪ

ಎಲ್ಲರಿಗೂ ನಮಸ್ಕಾರ. ಮನೆಯವರೆಲ್ಲ ಸೇರಿ ಒಂದಿಡೀ ದಿನ ಕಾಡಿನಲ್ಲಿ ಕಳೆಯಬೇಕು ಅನ್ನುವುದು ನಮ್ಮ ಬಹುದಿನದ ಆಸೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಜೊತೆಗೆ ಅರವತ್ತಾರು ವರ್ಷದ ಅಮ್ಮ. ಮಕ್ಕಳು ಪಾರ್ಕಿನಲ್ಲಿ ಚೆನ್ನಾಗಿ ಓಡಾಡುತ್ತಾರೆ. ಕಾಡಿನ ದಾರಿ ಮಾತ್ರ ಇದೇ ಮೊದಲು. ಅಮ್ಮ ದಿನಾ ವಾಕಿಂಗ್ ಮಾಡುತ್ತಾರೆ, ಆದರೆ ಇಳಿಜಾರಿನಲ್ಲಿ ಮೊಣಕಾಲು ನೋಯುತ್ತದೆ ಅನ್ನುತ್ತಾರೆ.

ಆ್ಯಪ್‌ನಲ್ಲಿ ಒಂದು ದಾರಿ ನೋಡಿಟ್ಟಿದ್ದೇನೆ. ಒಟ್ಟು 14 ಕಿ.ಮೀ., ಏರು 600 ಮೀಟರ್. ಸುತ್ತು ಹಾಕಿಕೊಂಡು ಹೊರಟ ಜಾಗಕ್ಕೇ ಬಂದು ಸೇರುತ್ತದೆ. ನಾಲ್ಕು ಗಂಟೆ ಸಾಕು ಅಂತ ತೋರಿಸುತ್ತಿದೆ. ಬೆಳಗ್ಗೆ ಹತ್ತಕ್ಕೆ ಹೊರಟರೆ ಎರಡಕ್ಕೆಲ್ಲ ವಾಪಸ್ ಅಲ್ವಾ? ಏನೇನು ತಗೊಂಡು ಹೋಗಬೇಕು, ಮಕ್ಕಳಿಗೆ ಬೇಜಾರಾಗದ ಹಾಗೆ ಏನು ಮಾಡಬೇಕು, ದಯವಿಟ್ಟು ಹೇಳಿ.

ಹಳೇ ಚಾರಣಿಗ

ಆ ನಾಲ್ಕು ಗಂಟೆ ನಿಮ್ಮ ಮನೆಯವರ ಲೆಕ್ಕ ಅಲ್ಲ. 1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸೂತ್ರ ಕೊಟ್ಟರು. ಸುಮಾರು 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇವತ್ತಿಗೂ ಜನ ಇದನ್ನೇ ಬಳಸುತ್ತಾರೆ. ನಿಮ್ಮ ದಾರಿಗೆ ಹಾಕಿ ನೋಡಿ. 14 ಕಿ.ಮೀ.ಗೆ 2 ಗಂಟೆ 48 ನಿಮಿಷ, ಏರಿಗೆ ಒಂದು ಗಂಟೆ. ಸರಿಸುಮಾರು ನಾಲ್ಕು ಗಂಟೆ ಬಂತು. ಆದರೆ ಇದು ಗಟ್ಟಿಮುಟ್ಟಾದ ದೊಡ್ಡವರು ಎಲ್ಲೂ ನಿಲ್ಲದೆ ಒಳ್ಳೇ ದಾರಿಯಲ್ಲಿ ನಡೆದರೆ ಮಾತ್ರ. ಇದರಲ್ಲಿ ಊಟ ಇಲ್ಲ, ನೀರು ಕುಡಿಯೋದು ಇಲ್ಲ, ಚಿಟ್ಟೆ ನೋಡೋದು ಇಲ್ಲ, ಶೂ ಒಳಗೆ ಹೋದ ಕಲ್ಲು ತೆಗೆಯೋದು ಇಲ್ಲ.

ಐದು ವರ್ಷದ ಮಗು ಜೊತೆಗಿದ್ದರೆ ನಡಿಗೆಯ ಸಮಯವನ್ನು ದುಪ್ಪಟ್ಟು ಮಾಡಿ. ಅದರ ಮೇಲೆ ನಿಲ್ಲುವ ಸಮಯ ಬೇರೆ ಸೇರಿಸಿ. ಆಗ ನಿಮ್ಮ 14 ಕಿ.ಮೀ. ಹತ್ತು ಗಂಟೆ ಹಿಡಿಯುತ್ತದೆ. ಹತ್ತಕ್ಕೆ ಹೊರಟರೆ ರಾತ್ರಿ ಎಂಟು.

5ರಿಂದ 6 ಕಿ.ಮೀ., 200 ಮೀಟರ್ ಏರು. ಅದಕ್ಕಿಂತ ಜಾಸ್ತಿ ಬೇಡ. 6 ಕಿ.ಮೀ.ಗೆ ಸೂತ್ರದ ಪ್ರಕಾರ 72 ನಿಮಿಷ, ಏರಿಗೆ 20 ನಿಮಿಷ. ಒಟ್ಟು ಒಂದೂವರೆ ಗಂಟೆ. ದುಪ್ಪಟ್ಟು ಮಾಡಿದರೆ ಮೂರು. ಊಟ, ಆಟ, ವಿಶ್ರಾಂತಿಗೆ ಎರಡು ಗಂಟೆ. ಒಟ್ಟು ಐದು ಗಂಟೆ. ಇಡೀ ದಿನದ ಪ್ರವಾಸಕ್ಕೆ ಇದು ಧಾರಾಳ ಆಯಿತು.

ಗುರಿ ಇರಲಿ

ಲೆಕ್ಕ ಒಪ್ಪಿದೆ ಅಣ್ಣ. ಆದರೆ ಸುಮ್ನೆ ಆರು ಕಿ.ಮೀ. ನಡಿ ಅಂದರೆ ಯಾವ ಮಗುವೂ ನಡೆಯಲ್ಲ. ಮಕ್ಕಳಿಗೆ ಒಂದು ಗುರಿ ಬೇಕು. ಜಲಪಾತ, ದೊಡ್ಡ ಬಂಡೆ, ಹಳೇ ಮರ, ತೊರೆ, ಏನಾದರೂ ಸರಿ. ನಮ್ಮ ಮನೆಯಲ್ಲಿ ಮೊದಲು ಜಾಗ ತೀರ್ಮಾನ ಮಾಡುತ್ತೇವೆ, ಆಮೇಲೆ ದಾರಿ. ಹೊರಟ ಮೇಲೆ ಅಲ್ಲಿಗೆ ಮುಟ್ಟದೆ ವಾಪಸ್ ಬರೋದಿಲ್ಲ. ಹಿಡಿದ ಕೆಲಸ ಮುಗಿಸಬೇಕು ಅನ್ನುವುದನ್ನು ಮಕ್ಕಳು ಕಲಿಯೋದೇ ಹೀಗೆ.

ಹಳೇ ಚಾರಣಿಗ

ಗುರಿ ಬೇಕು ಅನ್ನುವುದು ನೂರಕ್ಕೆ ನೂರು ನಿಜ. ಮುಟ್ಟದೆ ಬರೋದಿಲ್ಲ ಅನ್ನುವ ಮಾತನ್ನು ಮಾತ್ರ ನಾನು ಒಪ್ಪೋದಿಲ್ಲ. ಚಾರಣದಲ್ಲಿ ತೊಂದರೆಗೆ ಸಿಕ್ಕಿಕೊಳ್ಳೋದು ಹೆಚ್ಚಾಗಿ ಇದೇ ಹಟದಿಂದ. ಇನ್ನು ಅರ್ಧ ಕಿ.ಮೀ. ಅಷ್ಟೇ, ಇಷ್ಟು ದೂರ ಬಂದಾಗಿದೆ, ಅನ್ನುತ್ತಾ ಹೋಗುತ್ತಾರೆ. ಆ ಅರ್ಧ ಕಿ.ಮೀ. ವಾಪಸ್ ಬರೋದೂ ಇದೆ ಅನ್ನುವುದು ಮರೆತಿರುತ್ತದೆ.

ಹೊರಡುವ ಮೊದಲೇ ಒಂದು ಗಂಟೆ ಗೊತ್ತು ಮಾಡಿ. ಆ ಹೊತ್ತಿಗೆ ಎಲ್ಲೇ ಇರಲಿ, ತಿರುಗಬೇಕು. ಇದನ್ನು ಕತ್ತಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಸೂರ್ಯ ಮುಳುಗೋದು ಆರೂ ಕಾಲಿಗೆ ಅಂತಿಟ್ಟುಕೊಳ್ಳಿ. ದಟ್ಟ ಮರಗಳ ಕೆಳಗೆ ಅದಕ್ಕಿಂತ ಬಹಳ ಮೊದಲೇ ಮಬ್ಬಾಗುತ್ತದೆ. ನಾಲ್ಕಕ್ಕೆ ಗಾಡಿ ಹತ್ತಿರ ಇರಬೇಕು. ಅಲ್ಲಿಗೆ ಎರಡು ಗಂಟೆಯ ದಾರಿ ಇದ್ದರೆ ಒಂದೂವರೆಗೆ ತಿರುಗಬೇಕು. ಅರ್ಧ ಗಂಟೆ ಕೈಯಲ್ಲಿರಲಿ. ಈ ಗಂಟೆಯನ್ನು ಮಕ್ಕಳಿಗೂ ಬೆಳಗ್ಗೆಯೇ ಹೇಳಿಬಿಡಿ. ನಡುವೆ ಹೇಳಿದರೆ ಜಗಳ ಆಗುತ್ತದೆ, ಮೊದಲೇ ಹೇಳಿದರೆ ಅದು ಆಟದ ನಿಯಮದ ಹಾಗೆ ಆಗುತ್ತದೆ. ನಿಮ್ಮ ಮಗಳಿಗೆ ಒಂಬತ್ತು ಅಂದಿರಿ. ಅವಳ ಕೈಗೆ ವಾಚು ಕಟ್ಟಿ, ಸಮಯ ಹೇಳುವ ಜವಾಬ್ದಾರಿ ಅವಳಿಗೇ ಕೊಡಿ.

ಗುರಿ ಇರಲಿ

ಇದು ಚೆನ್ನಾಗಿದೆ. ಹಾಗಾದರೆ ನನ್ನ ಮಾತನ್ನು ಸ್ವಲ್ಪ ತಿದ್ದುತ್ತೇನೆ. ಗುರಿ ಹತ್ತಿರದಲ್ಲಿರಲಿ. ಆರು ಕಿ.ಮೀ. ದಾರಿಯಾದರೆ ಎರಡು, ಎರಡೂವರೆ ಕಿ.ಮೀ. ಒಳಗೆ ತೊರೆಯೋ ಬಂಡೆಯೋ ಸಿಗಬೇಕು. ಅಲ್ಲೇ ಊಟ, ಅಲ್ಲೇ ಆಟ. ಅದರಾಚೆಗೆ ಶಕ್ತಿ, ಸಮಯ ಎರಡೂ ಇದ್ದರೆ ಮುಂದಕ್ಕೆ.

ನಕ್ಷೆ ಹುಚ್ಚು

ಯಾರೂ ಹೇಳದ ಒಂದು ಮಾತಿದೆ. ಸುತ್ತು ದಾರಿ ಬೇಡ. ಹೋದ ದಾರಿಯಲ್ಲೇ ವಾಪಸ್ ಬರುವಂಥದ್ದು ಆರಿಸಿ.

ಸುತ್ತು ದಾರಿಯಲ್ಲಿ ಅರ್ಧ ದಾಟಿದ ಮೇಲೆ ವಾಪಸ್ ತಿರುಗಿದರೂ ದೂರ, ಮುಂದೆ ಹೋದರೂ ದೂರ. ಮಗು ಸುಸ್ತಾಯಿತು, ಮಳೆ ಬಂತು, ಅಮ್ಮನ ಮಂಡಿ ಹಿಡಿದುಕೊಂಡಿತು, ಏನಾದರೂ ಮುಗಿಸಲೇಬೇಕು. ಹೋಗಿ ಬರುವ ದಾರಿಯಲ್ಲಿ ಯಾವ ಹೆಜ್ಜೆಯಲ್ಲಾದರೂ ತಿರುಗಬಹುದು. ಒಂದು ಕಿ.ಮೀ.ಗೇ ತಿರುಗಿದರೂ ದಿನ ಹಾಳಾಗೋದಿಲ್ಲ. ಇನ್ನೊಂದು ಅನುಕೂಲ, ವಾಪಸ್ ಬರುವ ದಾರಿಯಲ್ಲಿ ಏನಿದೆ ಅಂತ ಮೊದಲೇ ನೋಡಿರುತ್ತೀರಿ.

ಅದೇ ದಾರಿ ಎರಡು ಸಲ ನೋಡೋದು ಬೇಜಾರು ಅಂತ ಕೆಲವರು ಹೇಳುತ್ತಾರೆ. ಎದುರು ದಿಕ್ಕಿನಿಂದ ಬರುವಾಗ ಕಾಡು ಬೇರೆಯೇ ಕಾಣುತ್ತದೆ. ಬೆಳಕು ಬೇರೆ, ಮರದ ಬೆನ್ನು ಬೇರೆ. ಅದಕ್ಕೇ ಗೊತ್ತಿರುವ ದಾರಿಯಲ್ಲೂ ಜನ ತಪ್ಪಿಸಿಕೊಳ್ಳುತ್ತಾರೆ. ಇದಕ್ಕೆ ಒಂದು ಅಭ್ಯಾಸ ಮಾಡಿಸಿ. ದಾರಿ ಕವಲೊಡೆಯುವ ಪ್ರತಿ ಜಾಗದಲ್ಲೂ ಎಲ್ಲರೂ ನಿಲ್ಲಿ. ಪೂರ್ತಿ ಹಿಂದಕ್ಕೆ ತಿರುಗಿ. ‘ವಾಪಸ್ ಬರುವಾಗ ಇಲ್ಲಿ ಏನು ಕಾಣುತ್ತದೆ?’ ಅಂತ ಮಕ್ಕಳನ್ನು ಕೇಳಿ. ಎರಡಾಗಿ ಸೀಳಿದ ಮರ, ಎಡಕ್ಕೆ ವಾಲಿದ ಕಲ್ಲು, ಹೀಗೆ ಅವರೇ ಗುರುತು ಹೇಳಲಿ. ಒಂದು ಫೋಟೋ ತೆಗೆದುಕೊಳ್ಳಿ. ವಾಪಸ್ ಬರುವಾಗ ಮಕ್ಕಳೇ ಮುಂದೆ ನಡೆದು ದಾರಿ ತೋರಿಸಲಿ. ನೀವು ಹಿಂದಿನಿಂದ ಸುಮ್ಮನೆ ನೋಡುತ್ತಾ ಬನ್ನಿ.

ನಕ್ಷೆಯಲ್ಲಿ ಎತ್ತರದ ಗೆರೆಗಳನ್ನೂ ನೋಡಿ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಜಾಗ. ಬಿಡಿಬಿಡಿಯಾಗಿದ್ದರೆ ಸಮತಟ್ಟು. ಅಮ್ಮನಿಗೆ ಇಳಿಜಾರು ಕಷ್ಟ ಅಂದಿರಲ್ಲ, ವಾಪಸ್ ಬರುವಾಗ ಗೆರೆ ಒತ್ತಾಗಿರುವ ಜಾಗ ಇಲ್ಲದ ದಾರಿ ಹುಡುಕಿ.

ಮೊಬೈಲ್ ವಿಷಯ. ಮನೆಯಲ್ಲೇ ಆ ಜಾಗದ ನಕ್ಷೆ ಡೌನ್‌ಲೋಡ್ ಮಾಡಿಕೊಳ್ಳಿ. ಕಾಡಿನಲ್ಲಿ ಏರೋಪ್ಲೇನ್ ಮೋಡ್‌ಗೆ ಹಾಕಿ. ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿಯಾಗೋದು. ಜಿಪಿಎಸ್ ಉಪಗ್ರಹದಿಂದ ಬರೋದು, ಅದಕ್ಕೆ ನೆಟ್‌ವರ್ಕ್ ಬೇಡ. ದಟ್ಟ ಮರ, ಆಳದ ಕಣಿವೆ ಇದ್ದರೆ ಅದು ಸ್ವಲ್ಪ ಅತ್ತಿತ್ತ ತೋರಿಸಬಹುದು. ಹಾಗಾಗಿ ಒಂದು ಕಾಗದದ ನಕ್ಷೆಯೂ ಇರಲಿ.

ಸೊಸೆ ಮುದ್ದು

ಅತ್ತೆಯವರ ವಿಷಯ ಏನು ಮಾಡೋದು? ನಮ್ಮ ಮನೆಯಲ್ಲೂ ಇದೇ ಪ್ರಶ್ನೆ. ಅವರನ್ನು ಗಾಡಿ ಹತ್ತಿರವೇ ಕೂರಿಸಿ ಹೋಗೋದಾ?

ಅಜ್ಜಿಮನೆ

ನನಗೂ ಆ ಮಗುವಿನ ಅಜ್ಜಿಯಷ್ಟೇ ವಯಸ್ಸು. ಅದಕ್ಕೇ ಬರೆಯುತ್ತಿದ್ದೇನೆ. ಗಾಡಿ ಹತ್ತಿರ ಕೂರಿಸಿ ಹೋಗುವ ಮಾತು ಆಡಬೇಡಮ್ಮ. ನಮ್ಮನ್ನು ಕೇಳದೆ ನಮ್ಮ ಪರವಾಗಿ ತೀರ್ಮಾನ ಮಾಡಬೇಡಿ. ದಾರಿ ಹೀಗಿದೆ, ಇಷ್ಟು ದೂರ, ಇಲ್ಲಿ ಇಳಿಜಾರು, ಅಂತ ನಕ್ಷೆ ತೋರಿಸಿ ಕೇಳಿ. ಎಷ್ಟಾಗುತ್ತದೆ, ಎಷ್ಟಾಗಲ್ಲ ಅಂತ ನಮಗೆ ಚೆನ್ನಾಗಿ ಗೊತ್ತಿರುತ್ತದೆ.

ಎರಡು ಊರುಗೋಲು ಕೊಡಿಸಿ. ಒಂದಲ್ಲ, ಎರಡು. ಇಳಿಯುವಾಗ ಮಂಡಿಯ ಮೇಲಿನ ಭಾರ ಕೈಗೂ ಹಂಚಿಹೋಗುತ್ತದೆ. ಇಳಿಯುವಾಗ ಕೋಲಿನ ಉದ್ದ ಸ್ವಲ್ಪ ಜಾಸ್ತಿ ಮಾಡಿಕೊಳ್ಳಬೇಕು. ಹೆಜ್ಜೆ ಚಿಕ್ಕದಾಗಿ, ಮಂಡಿ ಸ್ವಲ್ಪ ಬಾಗಿಸಿ ಇಳಿಯಬೇಕು. ಕಡಿದಾದ ಕಡೆ ನೇರ ಇಳಿಯಬಾರದು, ಅಗಲ ಇದ್ದರೆ ಓರೆಯಾಗಿ ಇಳಿಯಬೇಕು.

ಇನ್ನೊಂದು ಮುಖ್ಯ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಬೇಕು. ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಾ? ಚುರುಕಾದವರು ಮುಂದೆ ಹೋಗಿ ಕೂತು ಕಾಯುತ್ತಾರೆ. ನಾವು ಏದುಸಿರು ಬಿಡುತ್ತಾ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವರು ಎದ್ದು ಹೊರಡುತ್ತಾರೆ. ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಇಲ್ಲ. ಕೊನೆಯವರು ಬಂದು ಕೂತ ಮೇಲೆ ವಿಶ್ರಾಂತಿಯ ಸಮಯ ಶುರು ಅಂತ ನಿಯಮ ಮಾಡಿ.

ಮೊಮ್ಮಕ್ಕಳ ನಡಿಗೆಗೂ ನಮ್ಮ ನಡಿಗೆಗೂ ಚೆನ್ನಾಗಿ ಹೊಂದುತ್ತದೆ. ಐದು ವರ್ಷದ ಹುಡುಗ ಹತ್ತು ಹೆಜ್ಜೆಗೊಮ್ಮೆ ಬಗ್ಗಿ ಏನೋ ಎತ್ತಿಕೊಳ್ಳುತ್ತಾನೆ. ಅವನ ಜೊತೆ ನಿಲ್ಲುವುದು ನಮಗೆ ಸಂತೋಷ.

ಸೊಸೆ ಮುದ್ದು

ಸರಿ ಅಮ್ಮ. ನಕ್ಷೆ ತೋರಿಸಿಯೇ ಕೇಳುತ್ತೇನೆ.

ಗಿಡಗಂಟಿ

ಬೇಜಾರಾಗದ ಹಾಗೆ ಏನು ಮಾಡಬೇಕು ಅಂದಿರಲ್ಲ, ಅದಕ್ಕೆ ಬರುತ್ತೇನೆ. ನನ್ನ ಪ್ರಕಾರ ನಡಿಗೆ ಅರ್ಧ, ಹುಡುಕಾಟ ಅರ್ಧ. ಮಕ್ಕಳಿಗೆ ದೂರ ಮುಖ್ಯ ಅಲ್ಲ. ಒಂದು ಕೊಳೆತ ಮರದ ದಿಮ್ಮಿ ಅವರಿಗೆ ಅರ್ಧ ಗಂಟೆಗೆ ಸಾಕು.

ದಿಮ್ಮಿ ಅಂದೆನಲ್ಲ, ಅದನ್ನು ನೋಡುವ ಕ್ರಮ ಇದೆ. ನೀವು ದೊಡ್ಡವರೇ ಉರುಳಿಸಬೇಕು, ಮಕ್ಕಳು ನಿಮ್ಮ ಹಿಂದೆ ನಿಲ್ಲಬೇಕು. ಅಡಿಗೆ ಬೆರಳು ತೂರಿಸದೆ, ಆಚೆ ಬದಿಯನ್ನು ಕೋಲಿನಿಂದ ಎತ್ತಿ ನಿಮ್ಮ ಕಡೆಗೆ ಉರುಳಿಸಿ. ಆಗ ಕೆಳಗೆ ಏನಾದರೂ ಇದ್ದರೆ ಅದು ಆಚೆ ಕಡೆ ಓಡಿಹೋಗುತ್ತದೆ. ನಿಮಗೂ ಅದಕ್ಕೂ ನಡುವೆ ದಿಮ್ಮಿ ಅಡ್ಡ ಇರುತ್ತದೆ. ಈಗ ಕುಕ್ಕರಗಾಲಲ್ಲಿ ಕೂತು ನೋಡಿ. ಮೊದಲು ಒದ್ದೆ ಮಣ್ಣಿನ ವಾಸನೆ ಬರುತ್ತದೆ. ಆಮೇಲೆ ಬಿಳಿ ದಾರದ ಬಲೆ ಕಾಣುತ್ತದೆ, ಮರದ ಸೀಳಿನೊಳಗೆಲ್ಲ ಹರಡಿರುತ್ತದೆ. ಅದು ಅಣಬೆಯ ದೇಹ. ನಾವು ಹೊರಗೆ ನೋಡುವ ಕೊಡೆ ಅದು ಬೀಜಕ ಹರಡಲು ಕಳಿಸುವ ಭಾಗ ಮಾತ್ರ. ಮರ ಕೊಳೆತು ಮಣ್ಣಾಗೋದು ಹೆಚ್ಚಾಗಿ ಈ ದಾರಗಳ ಕೆಲಸ. ಪಕ್ಕದಲ್ಲಿ ಸುರುಳಿ ಸುತ್ತಿಕೊಂಡ ಸಹಸ್ರಪದಿ ಇರಬಹುದು, ಸರ್ರನೆ ಓಡುವ ಜರಿಯೂ ಇರಬಹುದು. ಎರಡನ್ನೂ ಬೇರೆ ಮಾಡೋದು ಹೇಗೆ ಅಂತ ಮಗಳನ್ನು ಕೇಳಿ. ಜರಿಗೆ ದೇಹದ ಒಂದೊಂದು ತುಂಡಿಗೆ ಒಂದು ಜೊತೆ ಕಾಲು. ಸಹಸ್ರಪದಿಗೆ ಹೆಚ್ಚಿನ ತುಂಡುಗಳಲ್ಲಿ ಎರಡೆರಡು ಜೊತೆ. ಜರಿ ಬೇಟೆಗಾರ, ಕಚ್ಚುತ್ತದೆ. ಸಹಸ್ರಪದಿ ಕೊಳೆತ ಎಲೆ ತಿಂದುಕೊಂಡಿರುತ್ತದೆ. ಯಾವುದನ್ನೂ ಮುಟ್ಟಬೇಡಿ. ನೋಡಿದ ಮೇಲೆ ದಿಮ್ಮಿಯನ್ನು ಇದ್ದ ಹಾಗೇ ಮೆಲ್ಲಗೆ ಮುಚ್ಚಿ. ಅದು ಆ ಜೀವಿಗಳ ಮನೆ. ಬಿಸಿಲು ಬಿದ್ದರೆ ಒಣಗಿ ಸಾಯುತ್ತವೆ.

ಒಂಬತ್ತು ವರ್ಷದವಳಿಗೆ ಮರದ ಎತ್ತರ ಅಳೆಯೋದು ಕಲಿಸಿ. ಕೈ ನೇರ ಮುಂದೆ ಚಾಚಿ ಒಂದು ಕಡ್ಡಿಯನ್ನು ನೆಟ್ಟಗೆ ಹಿಡಿಯಬೇಕು. ಕಣ್ಣಿನಿಂದ ಮುಷ್ಟಿಗೆ ಎಷ್ಟು ದೂರವೋ, ಮುಷ್ಟಿಯಿಂದ ಮೇಲಕ್ಕೆ ಕಡ್ಡಿ ಅಷ್ಟೇ ಉದ್ದ ಇರಬೇಕು. ಈಗ ಹಿಂದೆ ಹಿಂದೆ ಹೋಗಲಿ. ಕಡ್ಡಿಯ ತುದಿ ಮರದ ತುದಿಗೂ, ಮುಷ್ಟಿ ಮರದ ಬುಡಕ್ಕೂ ಸರಿಯಾದ ಜಾಗದಲ್ಲಿ ನಿಲ್ಲಲಿ. ಅಲ್ಲಿಂದ ಮರದವರೆಗೆ ಎಷ್ಟು ದೂರವೋ ಮರ ಸುಮಾರು ಅಷ್ಟೇ ಎತ್ತರ. ನೆಲ ಸಮ ಇರಬೇಕು ಅಷ್ಟೇ. ಹಿಂದೆ ನಡೆಯುವಾಗ ನೀವು ಅವಳ ಬೆನ್ನ ಹಿಂದಿನ ನೆಲ ನೋಡುತ್ತಿರಿ.

ಚಿಕ್ಕವನಿಗೆ ಒಂದು ಹಾಳೆ, ಒಂದು ಪೆನ್ಸಿಲ್. ನಡುವೆ ಒಂದು ಚುಕ್ಕಿ, ಅದು ಅವನು. ಐದು ನಿಮಿಷ ಮಾತಾಡದೆ ಕೂತು, ಎಲ್ಲಿಂದ ಶಬ್ದ ಬರುತ್ತದೋ ಅಲ್ಲಿ ಗೀಚಬೇಕು. ಹಕ್ಕಿ, ಗಾಳಿ, ನೀರು, ಒಣಗಿದ ಎಲೆಯ ಮೇಲೆ ಏನೋ ಓಡಿದ್ದು. ನೀವೂ ಒಂದು ಹಾಳೆ ಇಟ್ಟುಕೊಂಡು ಕೂತರೆ ಇನ್ನೂ ಒಳ್ಳೇದು.

ಬಂಡೆಯ ಮೇಲೆ ಬೂದು, ಹಸಿರು ಚಕ್ಕೆ ಚಕ್ಕೆಯಾಗಿ ಅಂಟಿಕೊಂಡಿರುತ್ತದಲ್ಲ, ಅದು ಕಲ್ಲುಹೂವು. ಶಿಲೀಂಧ್ರ ಮತ್ತು ಪಾಚಿ ಒಟ್ಟಿಗೆ ಬಾಳುವ ಸಂಸಾರ. ಪಾಚಿ ಬಿಸಿಲಿನಿಂದ ಆಹಾರ ಮಾಡುತ್ತದೆ, ಶಿಲೀಂಧ್ರ ಅದಕ್ಕೆ ಆಸರೆ ಕೊಡುತ್ತದೆ. ಬಹಳ ನಿಧಾನ ಬೆಳೆಯುತ್ತದೆ. ಹಲವು ಬಗೆಗಳು ವರ್ಷಕ್ಕೆ ಒಂದೆರಡು ಮಿ.ಮೀ. ಕೂಡ ಬೆಳೆಯೋದಿಲ್ಲ. ಕೆರೆಯಬೇಡಿ ಅಂತ ಹೇಳುವ ಬದಲು ಈ ಲೆಕ್ಕ ಹೇಳಿ. ಮಕ್ಕಳು ತಾವಾಗಿಯೇ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಗುರಿ ಇರಲಿ

ಕಾಡಿನ ಹಣ್ಣು ತಿನ್ನಬಹುದಾ? ಮಕ್ಕಳು ಕೇಳಿಯೇ ಕೇಳುತ್ತಾರೆ.

ದಾದಿ ಅಕ್ಕ

ಬೇಡ. ಗೊತ್ತಿಲ್ಲದ ಹಣ್ಣು, ಅಣಬೆ ಎರಡೂ ಬೇಡ. ಹಕ್ಕಿ ತಿಂದಿದೆ, ನಮಗೂ ಆಗುತ್ತದೆ ಅನ್ನುವ ಲೆಕ್ಕ ತಪ್ಪು. ಅಣಬೆ ಇನ್ನೂ ಅಪಾಯ. ಡೆತ್ ಕ್ಯಾಪ್ ಎಂಬ ವಿಷದ ಅಣಬೆ ತಿಂದರೆ ಹೊಟ್ಟೆನೋವು, ವಾಂತಿ ಶುರುವಾಗೋದು ಸಾಮಾನ್ಯವಾಗಿ ಆರು ಗಂಟೆಗಳ ನಂತರವೇ. ನಡುವೆ ಒಂದು ದಿನ ವಾಸಿಯಾದ ಹಾಗೂ ಅನ್ನಿಸುತ್ತದೆ. ಆ ಹೊತ್ತಿಗೆ ಯಕೃತ್ತು ಹಾಳಾಗುತ್ತಿರುತ್ತದೆ. ಬೇಯಿಸಿದರೂ ಆ ವಿಷ ಹೋಗೋದಿಲ್ಲ.

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಔಷಧಿ ಡಬ್ಬಿಯಲ್ಲಿ ಏನಿರಬೇಕು ಅನ್ನುವುದಕ್ಕಿಂತ ಏನು ಮಾಡಬಾರದು ಅನ್ನುವುದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ತಪ್ಪು ಉಪಚಾರದಿಂದಲೇ ಜಾಸ್ತಿ ಹಾನಿ.

ಹಾವು ಕಚ್ಚಿದರೆ ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ಐಸ್ ಇಡಬೇಡಿ. ಹಾವನ್ನು ಹಿಡಿಯಲು ಅಥವಾ ಕೊಲ್ಲಲು ಹೋಗಬೇಡಿ. ಕಚ್ಚಿಸಿಕೊಂಡವರನ್ನು ಕೂರಿಸಿ ಇಲ್ಲವೇ ಮಲಗಿಸಿ, ಧೈರ್ಯ ಹೇಳಿ. ಉಂಗುರ, ಬಳೆ, ವಾಚು, ಶೂ ತೆಗೆಯಿರಿ, ಊದಿಕೊಂಡರೆ ಆಮೇಲೆ ಬರೋದಿಲ್ಲ. ಆ ಕೈ ಅಥವಾ ಕಾಲು ಅಲುಗದ ಹಾಗೆ ಮರದ ಪಟ್ಟಿ ಇಟ್ಟು ಸಡಿಲವಾಗಿ ಕಟ್ಟಿ. ಆದಷ್ಟು ನಡೆಸದೆ, ಹೊತ್ತುಕೊಂಡು ಆಸ್ಪತ್ರೆಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ 81,000ದಿಂದ 1,38,000 ಜನ ಹಾವು ಕಡಿತದಿಂದ ಸಾಯುತ್ತಾರೆ. 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿದರು. ತಡವಾಗಿ ಆಸ್ಪತ್ರೆ ಸೇರುವುದು ಸಾವಿಗೆ ಒಂದು ದೊಡ್ಡ ಕಾರಣ. ಹೆದರಿಸಲು ಹೇಳುತ್ತಿಲ್ಲ. ಕಣ್ಣಿಗೆ ಕಾಣದ ಜಾಗದಲ್ಲಿ ಕೈ ಹಾಕಬಾರದು, ಕಾಲಿಡಬಾರದು, ಇಷ್ಟು ನಿಯಮ ಪಾಲಿಸಿದರೆ ಅಪಾಯ ತುಂಬಾ ಕಮ್ಮಿ. ಹತ್ತಿರದ ದೊಡ್ಡ ಆಸ್ಪತ್ರೆ ಎಲ್ಲಿದೆ, ಅಲ್ಲಿ ವಿಷನಿವಾರಕ ಇದೆಯಾ ಅಂತ ಮನೆಯಲ್ಲೇ ವಿಚಾರಿಸಿ.

ಉಣ್ಣಿ ಕಚ್ಚಿಕೊಂಡಿದ್ದರೆ ಎಣ್ಣೆ, ಬೆಂಕಿ ಏನೂ ಬೇಡ. ಸಣ್ಣ ಮೂತಿಯ ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಮೇಲಕ್ಕೆ ನಿಧಾನ ಎಳೆಯಿರಿ. ತಿರುಚಬೇಡಿ. ಮನೆಗೆ ಬಂದ ಕೂಡಲೇ ಎಲ್ಲರಿಗೂ ಸ್ನಾನ. ಮಕ್ಕಳ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂದೆ, ಸೊಂಟದ ಸುತ್ತ, ಕೂದಲ ಬುಡದಲ್ಲಿ ನೋಡಿ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಬಂದರೆ, ಕಚ್ಚಿದ ಜಾಗದ ಸುತ್ತ ಕೆಂಪಾಗಿ ಹರಡಿದರೆ, ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ತಪ್ಪದೆ ಹೇಳಿ. ಉದ್ದ ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸೇರಿಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಶೂ ದಾರ

ಹೊಸ ಶೂ ಹಾಕಿಕೊಂಡು ಹೊರಡಬೇಡಿ. ವಾರ ಎರಡು ವಾರ ಮನೆ ಹತ್ತಿರ ಹಾಕಿ ಓಡಾಡಿರಬೇಕು. ಹತ್ತಿಯ ಸಾಕ್ಸ್ ಒದ್ದೆಯಾದರೆ ಒಣಗೋದಿಲ್ಲ, ಉಜ್ಜಿ ಬೊಬ್ಬೆ ಏಳುತ್ತದೆ. ಉಣ್ಣೆಯದೋ ಸಿಂಥೆಟಿಕ್‌ನದೋ ಹಾಕಿ, ಒಂದೊಂದು ಜೊತೆ ಜಾಸ್ತಿ ಇರಲಿ.

ಇಳಿಯುವಾಗ ಬೆರಳು ಶೂ ತುದಿಗೆ ಬಡಿದು ನೋಯುತ್ತದಲ್ಲ, ಅದಕ್ಕೆ ದಾರ ಕಟ್ಟುವ ಒಂದು ರೀತಿ ಇದೆ. ಎಲ್ಲಕ್ಕಿಂತ ಮೇಲಿನ ಎರಡು ತೂತು ನೋಡಿ. ದಾರವನ್ನು ಅಡ್ಡ ಹಾಯಿಸದೆ, ಅದೇ ಬದಿಯಲ್ಲಿ ಕೆಳಗಿನ ತೂತಿನಿಂದ ಮೇಲಿನ ತೂತಿಗೆ ಹಾಕಿ. ಎರಡೂ ಬದಿಯಲ್ಲಿ ಒಂದೊಂದು ಸಣ್ಣ ಕುಣಿಕೆ ಆಯಿತು. ಈಗ ಎಡದ ದಾರವನ್ನು ಬಲದ ಕುಣಿಕೆಯೊಳಗೆ, ಬಲದ್ದನ್ನು ಎಡದ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಹಿಂದಕ್ಕೆ ಕೂತುಬಿಡುತ್ತದೆ, ಪಾದ ಮುಂದಕ್ಕೆ ಜಾರೋದಿಲ್ಲ. ಅಮ್ಮನಿಗೆ ಖಂಡಿತ ಹೀಗೆ ಕಟ್ಟಿಕೊಡಿ.

ಎರಡು ಮಕ್ಕಳ ಅಪ್ಪ

ಎಲ್ಲರೂ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ತುಂಬಾ ಸಂತೋಷ ಆಯಿತು. ನೀರು ಎಷ್ಟು ಬೇಕು? ಇನ್ನೊಂದು, ನನ್ನ ಹೆಂಡತಿಗೆ ಇರುವ ದೊಡ್ಡ ಭಯ ಮಗ ತಪ್ಪಿಸಿಕೊಂಡರೆ ಅನ್ನುವುದು. ಅವನು ಒಂದು ಕ್ಷಣ ಕೈ ಬಿಟ್ಟರೆ ಓಡುವ ಹುಡುಗ.

ಹಳೇ ಚಾರಣಿಗ

ನೀರು, ದೊಡ್ಡವರಿಗೆ ಗಂಟೆಗೆ ಸುಮಾರು ಅರ್ಧ ಲೀಟರ್. ಸೆಕೆ ಇದ್ದರೆ ಇನ್ನೂ ಜಾಸ್ತಿ. ಐದು ಗಂಟೆಗೆ ಮೂವರು ದೊಡ್ಡವರಿಗೆ ಏಳೂವರೆ ಲೀಟರ್, ಮಕ್ಕಳಿಗೆ ಸೇರಿ ಎರಡೂವರೆ. ಒಟ್ಟು ಹತ್ತು ಲೀಟರ್ ಅಂದರೆ ಹತ್ತು ಕಿಲೋ. ಮೂರು ಬ್ಯಾಗಿಗೆ ಹಂಚಿ. ಗಾಡಿಯಲ್ಲಿ ಬೇರೆ ಎರಡು ಲೀಟರ್ ಇಟ್ಟಿರಿ, ವಾಪಸ್ ಬಂದಾಗ ಬೇಕಾಗುತ್ತದೆ. ಮಕ್ಕಳ ಬೆನ್ನಿಗೆ ಅವರ ತೂಕದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಿಸಬೇಡಿ. ಚಿಕ್ಕವನ ಬ್ಯಾಗಿನಲ್ಲಿ ಒಂದು ಸಣ್ಣ ಬಾಟಲಿ, ಜಾಕೆಟ್, ಸೀಟಿ. ಸಾಕು. ಸೀಟಿಯನ್ನು ಬ್ಯಾಗಿಗೇ ಕಟ್ಟಿರಿ, ಒಳಗೆ ಹಾಕಬೇಡಿ.

ತಪ್ಪಿಸಿಕೊಳ್ಳುವ ವಿಷಯಕ್ಕೆ ಬರೋಣ. ಇದನ್ನು ಮಗುವಿಗೆ ಮನೆಯಲ್ಲೇ ಕಲಿಸಬೇಕು. 1981ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪಾಲೋಮರ್ ಬೆಟ್ಟದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಕಾಡಿನಲ್ಲಿ ತಪ್ಪಿಸಿಕೊಂಡ. ದೊಡ್ಡ ಹುಡುಕಾಟ ನಡೆದರೂ ಜೀವಂತ ಸಿಗಲಿಲ್ಲ. ಹುಡುಕಲು ಹೋದವರಲ್ಲಿ ಕೆಲವರು ಆಮೇಲೆ ಮಕ್ಕಳಿಗಾಗಿ ಒಂದು ಪಾಠ ಶುರು ಮಾಡಿದರು. ಅದರ ತಿರುಳು ಇಷ್ಟೇ. ದಾರಿ ತಪ್ಪಿತು ಅನ್ನಿಸಿದ ಕೂಡಲೇ ಒಂದು ಮರ ಹಿಡಿದುಕೊಂಡು ಅಲ್ಲೇ ನಿಲ್ಲು, ಎಲ್ಲಿಗೂ ಹೋಗಬೇಡ. ಮಗು ನಡೆಯುತ್ತಾ ಹೋದಷ್ಟೂ ಹುಡುಕಬೇಕಾದ ಜಾಗ ದೊಡ್ಡದಾಗುತ್ತದೆ. ನಿಂತರೆ ಹತ್ತಿರದಲ್ಲೇ ಸಿಗುತ್ತದೆ.

ದೊಡ್ಡವರಿಗೂ ಇದೇ ಮಾತು. 2009ರಲ್ಲಿ ಯಾನ್ ಸೌಮನ್ ಎಂಬ ಸಂಶೋಧಕ ಮತ್ತು ಜೊತೆಗಾರರು ಜನರನ್ನು ಜರ್ಮನಿಯ ಒಂದು ಕಾಡಿನಲ್ಲೂ ಸಹಾರಾ ಮರುಭೂಮಿಯಲ್ಲೂ ನೇರವಾಗಿ ನಡೆಯಲು ಬಿಟ್ಟು, ಜಿಪಿಎಸ್‌ನಲ್ಲಿ ದಾರಿ ಗುರುತಿಸಿದರು. ಸೂರ್ಯ ಕಾಣುತ್ತಿದ್ದಾಗ ಜನ ಹೆಚ್ಚುಕಮ್ಮಿ ನೇರ ನಡೆದರು. ಕಾಡಿನಲ್ಲಿ ಮೋಡ ಮುಚ್ಚಿದ್ದಾಗ ಸುತ್ತು ಹಾಕಿ ತಾವು ನಡೆದ ದಾರಿಯನ್ನೇ ಮತ್ತೆ ದಾಟಿದರು, ಅದು ಅವರಿಗೆ ಗೊತ್ತೇ ಆಗಲಿಲ್ಲ. ನನಗೆ ದಿಕ್ಕು ಗೊತ್ತಾಗುತ್ತದೆ ಅನ್ನುವ ಧೈರ್ಯ ಮೋಡದ ದಿನ ಕೆಲಸಕ್ಕೆ ಬರೋದಿಲ್ಲ.

ಮಗುವಿಗೆ ಮೂರು ಮಾತು ಹೇಳಿ. ನಿಲ್ಲು. ಮರ ಹಿಡಿ. ಮೂರು ಸಲ ಸೀಟಿ ಊದು, ಸ್ವಲ್ಪ ತಡೆದು ಮತ್ತೆ ಊದು. ‘ನೀನು ತಪ್ಪಿಸಿಕೊಂಡರೆ ನಾವು ಬೈಯೋದಿಲ್ಲ’ ಅನ್ನುವುದನ್ನೂ ಹೇಳಿ. ಬೈಗುಳದ ಭಯಕ್ಕೆ, ಗುರುತಿಲ್ಲದವರ ಭಯಕ್ಕೆ, ಹುಡುಕುವವರು ಕೂಗಿದರೂ ಅವಿತು ಕೂರುವ ಮಕ್ಕಳಿದ್ದಾರೆ.

ಓಡುವ ಹುಡುಗನಿಗೆ ‘ಓಡಬೇಡ’ ಅನ್ನಬೇಡಿ. ‘ಮುಂದಿನ ಆ ದೊಡ್ಡ ಮರದವರೆಗೆ ಓಡು, ಮುಟ್ಟಿ ನಿಲ್ಲು’ ಅನ್ನಿ. ಕಣ್ಣಿಗೆ ಕಾಣುವ ಮರ ಮಾತ್ರ ಹೇಳಿ. ಬಟ್ಟೆ ಕೆಂಪೋ ಕಿತ್ತಳೆಯೋ ಇರಲಿ. ಹೊರಡುವ ಮೊದಲು ಎಲ್ಲರದ್ದೂ ಅಡಿಯಿಂದ ಮುಡಿಯವರೆಗೆ ಒಂದು ಫೋಟೋ ತೆಗೆಯಿರಿ. ಶೂ ಅಡಿಯ ಅಚ್ಚಿನ ಫೋಟೋ ಕೂಡ.

ನಕ್ಷೆ ಹುಚ್ಚು

ದೊಡ್ಡವರಿಗೆ ಒಂದು ಸೇರಿಸುತ್ತೇನೆ. ಆಲ್ಪ್ಸ್ ಪರ್ವತಗಳ ಕಡೆಯ ತುರ್ತು ಸಂಕೇತ ಒಂದು ನಿಮಿಷದಲ್ಲಿ ಆರು ಸಲ. ಸೀಟಿಯಾದರೂ ಸರಿ, ಟಾರ್ಚಾದರೂ ಸರಿ. ಆಮೇಲೆ ಒಂದು ನಿಮಿಷ ಬಿಟ್ಟು ಮತ್ತೆ. ಕೇಳಿಸಿಕೊಂಡವರ ಉತ್ತರ ನಿಮಿಷಕ್ಕೆ ಮೂರು ಸಲ. ಮೊಬೈಲಿನಲ್ಲಿ ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಒತ್ತಿ ನೋಡಿ. ಅಲ್ಲಿ ಬೇರೆ ಕಂಪನಿಯ ಸಿಗ್ನಲ್ ಇದ್ದರೆ ಅದರ ಮೂಲಕ ಹೋಗಬಹುದು. ಯಾವುದೂ ಇಲ್ಲದಿದ್ದರೆ ಹೋಗೋದಿಲ್ಲ.

ಗುರಿ ಇರಲಿ

ಗುಡುಗು ಬಂದರೆ?

ಹಳೇ ಚಾರಣಿಗ

ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಶಬ್ದ ಒಂದು ಕಿ.ಮೀ. ಬರಲು ಸುಮಾರು ಮೂರು ಸೆಕೆಂಡ್. ಮೂವತ್ತರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ, ಅಪಾಯದ ದೂರ. ಬೋಳು ಗುಡ್ಡದ ನೆತ್ತಿ, ಒಂಟಿ ಮರ, ನೀರು, ಎಲ್ಲದರಿಂದ ದೂರ ಬನ್ನಿ. ಗಾಡಿಗೆ ಮುಟ್ಟಲು ಆದರೆ ಗಾಡಿಯೊಳಗೆ ಕೂರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಮಳೆ ಬಂದು ತೊರೆಯ ನೀರು ಕೆಂಪಾಗಿ ಏರುತ್ತಿದ್ದರೆ ದಾಟಬೇಡಿ. ಮೇಲೆ ಎಲ್ಲೋ ಮಳೆಯಾಗಿದ್ದರೂ ನೀರು ಇಲ್ಲಿಗೆ ಬರುತ್ತದೆ. ಊಟಕ್ಕೆ ಕೂರುವ ಮೊದಲು ತಲೆ ಎತ್ತಿ ನೋಡಿ, ಒಣಗಿದ ಕೊಂಬೆ ನೇತಾಡುತ್ತಿದ್ದರೆ ಬೇರೆ ಜಾಗ.

ಗಿಡಗಂಟಿ

ಶೌಚದ ವಿಷಯ ಯಾರೂ ಎತ್ತಲಿಲ್ಲ. ಮಕ್ಕಳಿದ್ದರೆ ಬಂದೇ ಬರುತ್ತದೆ. ನೀರು, ದಾರಿ ಎರಡರಿಂದಲೂ 60 ಮೀಟರ್ ದೂರ ಹೋಗಿ. 15ರಿಂದ 20 ಸೆಂ.ಮೀ. ಆಳದ ಗುಂಡಿ ತೋಡಿ, ಆಮೇಲೆ ಮುಚ್ಚಿ. ಸಣ್ಣ ಕರಣೆ ಒಂದು ಇದ್ದರೆ ಸಾಕು. ಒದ್ದೆ ಒರೆಸುವ ಟಿಶ್ಯೂ, ಡೈಪರ್ ಹೂಳಬೇಡಿ, ಮುಚ್ಚುವ ಚೀಲದಲ್ಲಿ ವಾಪಸ್ ತನ್ನಿ. ಹಣ್ಣಿನ ಸಿಪ್ಪೆಯೂ ಅಷ್ಟೇ. ಅದು ಕೊಳೆಯಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಪ್ರಾಣಿಗಳು ಜನ ನಡೆಯುವ ದಾರಿಗೆ ಬರುವ ಅಭ್ಯಾಸ ಮಾಡಿಕೊಳ್ಳುತ್ತವೆ. ಇದು ಅವಕ್ಕೂ ಕೆಟ್ಟದ್ದು, ನಂತರ ಬರುವವರಿಗೂ ಕೆಟ್ಟದ್ದು. ಸ್ಪೀಕರ್ ಹಾಕಿ ಹಾಡು ಕೇಳಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಎರಡು ಮಕ್ಕಳ ಅಪ್ಪ

ಎಲ್ಲ ಓದಿ ಹೊಸ ಯೋಜನೆ ಮಾಡಿದ್ದೇನೆ. ಸುತ್ತು ದಾರಿ ಬಿಟ್ಟೆವು. ತೊರೆಯವರೆಗೆ ಎರಡೂವರೆ ಕಿ.ಮೀ., ಹೋಗಿ ಬರೋದು ಐದು. ಏರು 150 ಮೀಟರ್. ಎಂಟಕ್ಕೆ ಹೊರಡುತ್ತೇವೆ, ತಿರುಗುವ ಗಂಟೆ ಹನ್ನೆರಡೂವರೆ. ಅಮ್ಮನಿಗೆ ನಕ್ಷೆ ತೋರಿಸಿದೆ. ‘ತೊರೆಯವರೆಗೆ ಬರುತ್ತೇನೆ, ಅಲ್ಲಿಂದಾಚೆ ಬೇಡ’ ಅಂದರು. ಮಗಳು ವಾಚಿನ ಜವಾಬ್ದಾರಿ ತಗೊಂಡಿದ್ದಾಳೆ. ಮಗ ಸೀಟಿ ಊದಿ ಊದಿ ಮನೆಯಲ್ಲಿ ಈಗಲೇ ಅಭ್ಯಾಸ ಮಾಡುತ್ತಿದ್ದಾನೆ. ಇನ್ನೇನಾದರೂ ಬಿಟ್ಟಿದ್ದೇನಾ?

ದಾದಿ ಅಕ್ಕ

ಅಮ್ಮನ ದಿನನಿತ್ಯದ ಮಾತ್ರೆ ಬ್ಯಾಗಿನಲ್ಲಿರಲಿ, ಗಾಡಿಯಲ್ಲಿ ಅಲ್ಲ. ಯಾರಿಗಾದರೂ ಜೇನುನೊಣ ಕಚ್ಚಿದರೆ ಅಲರ್ಜಿ ಇದೆಯಾ ಕೇಳಿಕೊಳ್ಳಿ.

ಹಳೇ ಚಾರಣಿಗ

ಎರಡು ಉಳಿದಿದೆ. ಹಿಂದಿನ ದಿನ ಅರಣ್ಯ ಕಚೇರಿಗೆ ಫೋನ್ ಮಾಡಿ. ಅನುಮತಿ ಬೇಕಾ, ದಾರಿ ತೆರೆದಿದೆಯಾ, ಕಾಳ್ಗಿಚ್ಚು ಅಥವಾ ಪ್ರಾಣಿಗಳ ಕಾರಣಕ್ಕೆ ಮುಚ್ಚಿದ್ದಾರಾ, ವಿಚಾರಿಸಿ. ಬೇಡ ಅಂದರೆ ಬೇರೆ ದಿನ.

ಮತ್ತೆ, ಮನೆಯಲ್ಲಿ ಉಳಿಯುವ ಒಬ್ಬರ ಕೈಗೆ ಚೀಟಿ ಕೊಡಿ. ಬಾಯಲ್ಲಿ ಹೇಳಿದರೆ ಸಾಲದು. ಯಾವ ಕಾಡು, ಯಾವ ದಾರಿ, ಗಾಡಿ ಎಲ್ಲಿ ನಿಲ್ಲಿಸುತ್ತೀರಿ, ಗಾಡಿ ನಂಬರ್, ಎಷ್ಟು ಜನ, ಯಾರ ಬಟ್ಟೆ ಯಾವ ಬಣ್ಣ, ವಾಪಸ್ ಬಂದು ಫೋನ್ ಮಾಡುವ ಸಮಯ. ಅದರ ಕೆಳಗೆ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು ಅಂತ ನಂಬರ್ ಸಮೇತ ಬರೆಯಿರಿ. ನೀವು ಮೂರಕ್ಕೆ ಗಾಡಿ ಹತ್ತಿರ ಬರುವ ಅಂದಾಜಿದ್ದರೆ ಐದು ಅಂತ ಹಾಕಿ.

ಎರಡು ಮಕ್ಕಳ ಅಪ್ಪ

ಚೀಟಿ ತಮ್ಮನಿಗೆ ಕೊಡುತ್ತೇನೆ. ಐದು ಗಂಟೆ ಅಂತಲೇ ಬರೆಯುತ್ತೇನೆ.